"ಊಟ ಆಯ್ತಾ?" ಕೇಳಿದರೆ ಸಾಲದು: ಈಟಿಂಗ್ ಡಿಸಾರ್ಡರ್ ಗುರುತಿಸಲು ಪ್ರಶ್ನಾವಳಿ ಬಳಸುವುದು ಹೇಗೆ

ನಮ್ಮ ಕಡೆ "ಊಟ ಆಯ್ತಾ?" ಅನ್ನುವುದು ಪ್ರಶ್ನೆ ಅಲ್ಲ, ನಮಸ್ಕಾರ. ಅದಕ್ಕೆ ಬರುವ "ಹೂಂ, ಆಯ್ತು" ಕೂಡ ಉತ್ತರ ಅಲ್ಲ, ಮರುನಮಸ್ಕಾರ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು.

ಕಾಲೇಜೊಂದರಲ್ಲಿ ಕೌನ್ಸೆಲರ್ ಆಗಿ ಸೇರಿದ ಹೊಸತು. ಬಿ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳು ಪರೀಕ್ಷೆಯ ಟೆನ್ಷನ್ ಅಂತ ಮೂರು ಸಲ ಬಂದು ಕೂತಳು. ಮೂರೂ ಸಲ ಕೊನೆಯಲ್ಲಿ "ಊಟ ತಿಂಡಿ ಸರಿಯಾಗಿ ಮಾಡ್ತಿದ್ದೀಯಾ?" ಅಂತ ಕೇಳಿದೆ. ಮೂರೂ ಸಲ "ಹೂಂ ಮೇಡಂ" ಅಂದಳು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡಿದ್ದಳು. ಯಾಕೆ ಅಂತ ನಾನು ಕೇಳಲೇ ಇಲ್ಲ. ನಾಲ್ಕನೇ ಸಲ ಅವಳನ್ನು ಕರೆತಂದದ್ದು ಹಾಸ್ಟೆಲ್ ವಾರ್ಡನ್. ಮೆಸ್ಸಿನ ಸಾಲಿನಲ್ಲಿ ತಲೆಸುತ್ತಿ ಬಿದ್ದಿದ್ದಳು.

ಆಮೇಲಿಂದ ನನ್ನ ಡ್ರಾಯರಿನಲ್ಲಿ ಐದು ಪ್ರಶ್ನೆಗಳ ಹಾಳೆಯೊಂದು ಇದೆ. ಅದನ್ನು ಯಾರಿಗೆ ಕೊಡಬೇಕು, ಹೇಗೆ ಕೇಳಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜು ಕೌನ್ಸೆಲರ್‌ಗಳು, ಪಿಎಚ್‌ಸಿಯ ಡಾಕ್ಟರು ಮತ್ತು ನರ್ಸ್, ಡಯೆಟಿಷಿಯನ್, ವಾರ್ಡನ್, ಪಿ.ಟಿ. ಮಾಸ್ತರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಪ್ಪ ಅಮ್ಮಂದಿರು ಓದಿದರೂ ಒಳ್ಳೆಯದೇ. ಆದರೆ ಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡಲು ಹೋಗಬೇಡಿ.

ಶುರು ಮಾಡುವ ಮುಂಚೆ

ಪುಸ್ತಕದ ಕನ್ನಡದಲ್ಲಿ ಇದಕ್ಕೆ "ಆಹಾರ ಸೇವನೆಯ ಅಸ್ವಸ್ಥತೆ" ಅನ್ನುತ್ತಾರೆ. ಹಾಗೆ ಹೇಳಿದರೆ ಅರ್ಧ ಜನ ಅಜೀರ್ಣ ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಈಟಿಂಗ್ ಡಿಸಾರ್ಡರ್ ಅಂತಲೇ ಬರೆಯುತ್ತೇನೆ. ಮುಖ್ಯವಾಗಿ ನಾಲ್ಕು ಬಗೆ ಗೊತ್ತಿದ್ದರೆ ಸಾಕು. ಅನೊರೆಕ್ಸಿಯಾದಲ್ಲಿ ಊಟ ಕಡಿಮೆ ಮಾಡುತ್ತಾ ಹೋಗಿ ಮೈ ಸೊರಗುತ್ತದೆ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ತಿನ್ನುವುದು, ಆಮೇಲೆ ಅದನ್ನು ಹೇಗಾದರೂ ಹೊರಹಾಕಬೇಕು ಅಥವಾ ಕರಗಿಸಬೇಕು ಅನ್ನುವ ಒದ್ದಾಟ. ಬಿಂಜ್ ಈಟಿಂಗ್‌ನಲ್ಲಿ ಹಿಡಿತ ತಪ್ಪಿ ತಿನ್ನುವುದು ಇರುತ್ತದೆ, ಹೊರಹಾಕುವುದು ಇರುವುದಿಲ್ಲ. ನಾಲ್ಕನೆಯದು ಆರ್ಫಿಡ್. ಇಲ್ಲಿ ದಪ್ಪ ಆಗುವ ಭಯವೇ ಇಲ್ಲ. ರುಚಿ, ವಾಸನೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಹೆದರಿಕೆ, ಇಂಥ ಕಾರಣಕ್ಕೆ ಊಟ ತೀರಾ ಕಡಿಮೆಯಾಗಿ ಶರೀರಕ್ಕೆ ಪೆಟ್ಟು ಬೀಳುತ್ತದೆ.

"ಇದೆಲ್ಲ ಫಾರಿನ್ ಕಾಯಿಲೆ ಅಲ್ವಾ ಮೇಡಂ?" ಅಂತ ಒಬ್ಬ ಪ್ರಿನ್ಸಿಪಾಲರು ನನ್ನನ್ನು ಕೇಳಿದ್ದರು. ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2012ರಲ್ಲಿ ಪ್ರಕಟವಾಯಿತು. ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ನೋಡಿದ್ದೇವೆ ಅಂದಿದ್ದರು. ಇನ್ನೂ ಹಿಂದೆ, 1998ರಲ್ಲೇ, ಚೆನ್ನೈನ ಸಂಶೋಧಕರು ಮೆಡಿಕಲ್ ವಿದ್ಯಾರ್ಥಿಗಳ ಮಧ್ಯೆ ಕೆಲಸ ಮಾಡಿ ನಮ್ಮ ಕಡೆಯವರಿಗೆ ಹೊಂದುವ ಪ್ರಶ್ನಾವಳಿಯನ್ನೇ ಕಟ್ಟಲು ಹೊರಟಿದ್ದರು. ಹಾಗಾಗಿ ಇದು ಹೊಸದಾಗಿ ಬಂದಿಳಿದದ್ದೂ ಅಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪ್ರಶ್ನಾವಳಿ ಒಂದು ಜರಡಿ. ಕಾಯಿಲೆ ಇದೆ ಅಂತ ತೀರ್ಮಾನ ಕೊಡುವುದು ಅದರ ಕೆಲಸ ಅಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿ ಹೇಳಿದೆ: ಈಟಿಂಗ್ ಡಿಸಾರ್ಡರ್ ಇದೆಯೋ ಇಲ್ಲವೋ ಅಂತ ಬರೀ ಸ್ಕ್ರೀನಿಂಗ್ ಪ್ರಶ್ನೆಗಳಿಂದ ನಿರ್ಧರಿಸಬೇಡಿ. ಅಮೆರಿಕದ ತಜ್ಞರ ತಂಡ 2022ರಲ್ಲಿ, ಯಾವ ಲಕ್ಷಣವೂ ಇಲ್ಲದವರನ್ನೆಲ್ಲ ಹಿಡಿದು ಸ್ಕ್ರೀನ್ ಮಾಡುವುದರಿಂದ ಲಾಭವೋ ನಷ್ಟವೋ ಹೇಳಲು ಸಾಕಷ್ಟು ಪುರಾವೆ ಇಲ್ಲ ಅಂದಿತು. ಆದ್ದರಿಂದ ಅಸೆಂಬ್ಲಿಯಲ್ಲಿ ಎಂಟುನೂರು ಮಕ್ಕಳಿಗೆ ಫಾರ್ಮ್ ಹಂಚುವ ಯೋಚನೆ ಇದ್ದರೆ ಕೈಬಿಡಿ. ಪಾಸಿಟಿವ್ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಮಾತಾಡಲು ನಿಮಗೆ ಸಮಯ ಇರುವುದಿಲ್ಲ. ಕೇಳಿ ಸುಮ್ಮನಾದರೆ ಕೇಳದೆ ಇದ್ದದ್ದಕ್ಕಿಂತ ಕೆಟ್ಟದ್ದು.

ಹಂತ 1: ಯಾರನ್ನು ಕೇಳಬೇಕು?

ಕಣ್ಣಿಗೆ ಏನಾದರೂ ಬಿದ್ದವರನ್ನು. ಬೇಗ ಇಳಿದ ತೂಕ, ನಿಂತುಹೋದ ಮುಟ್ಟು, ಸದಾ ಚಳಿ, ಉದುರುವ ಕೂದಲು, ಮತ್ತೆ ಮತ್ತೆ ತಲೆಸುತ್ತು. ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗುವವರು. ಎಲ್ಲರ ಜೊತೆ ಮೆಸ್ಸಿಗೆ ಬರುವುದನ್ನು ನಿಲ್ಲಿಸಿದವರು. ಜ್ವರ ಇದ್ದರೂ ಓಟ ಬಿಡದ ಹುಡುಗ. ಕೆನ್ನೆಯ ಕೆಳಗೆ ಎರಡೂ ಕಡೆ ಊತ, ಹಲ್ಲಿನ ಒಳಮೈ ಸವೆತ. ಈ ಕೊನೆಯದನ್ನು ಮೊದಲು ಕಾಣುವವರು ಹೆಚ್ಚಾಗಿ ಹಲ್ಲಿನ ಡಾಕ್ಟರು.

ಟೈಪ್ 1 ಸಕ್ಕರೆ ಕಾಯಿಲೆಯವರು, ಭರತನಾಟ್ಯ ಕಲಿಯುವವರು, ಕುಸ್ತಿಯಂತೆ ತೂಕದ ಲೆಕ್ಕವಿರುವ ಆಟದವರು, ಮಾಡೆಲಿಂಗ್ ಆಸೆ ಇರುವವರು, ಇವರ ಮೇಲೆ ಸ್ವಲ್ಪ ಜಾಸ್ತಿ ಕಣ್ಣಿಡಿ. ಹುಡುಗರನ್ನು ಮರೆಯಬೇಡಿ. ಜಿಮ್ಮು, ಪ್ರೋಟೀನ್ ಪುಡಿ, ಬೇಯಿಸಿದ ಚಿಕನ್ ಅಂತ ಮೂರು ಹೊತ್ತೂ ಅದೇ ಜಪ ಮಾಡುವ ಹುಡುಗನನ್ನು ನಾವು ಶಿಸ್ತಿನವನು ಅಂತ ಹೊಗಳುತ್ತೇವೆ.

ದಪ್ಪ ಇರುವವರನ್ನೂ ಕೇಳಿ. ಬುಲಿಮಿಯಾ, ಬಿಂಜ್ ಈಟಿಂಗ್ ಇರುವವರ ತೂಕ ಸಾಧಾರಣವಾಗಿರಬಹುದು, ಜಾಸ್ತಿಯೂ ಇರಬಹುದು. ನೋಡಿದ ಕೂಡಲೇ ಗೊತ್ತಾಗುತ್ತದೆ ಅನ್ನುವುದು ಈ ಕ್ಷೇತ್ರದ ದೊಡ್ಡ ಮೋಸ.

ಹಂತ 2: ಯಾವ ಪ್ರಶ್ನಾವಳಿ?

ಹೆಚ್ಚು ಬಳಕೆಯಲ್ಲಿರುವುದು ಸ್ಕಾಫ್. ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಮೆಡಿಕಲ್ ಸ್ಕೂಲಿನ ಜಾನ್ ಮಾರ್ಗನ್, ಫಿಯೋನಾ ರೀಡ್ ಮತ್ತು ಹ್ಯೂಬರ್ಟ್ ಲೇಸಿ 1999ರಲ್ಲಿ ಪ್ರಕಟಿಸಿದ್ದು. ಐದೇ ಪ್ರಶ್ನೆ, ಹೌದು ಅಥವಾ ಇಲ್ಲ, ಎರಡು ನಿಮಿಷದ ಕೆಲಸ. ಐದು ಪ್ರಶ್ನೆಗಳ ಮುಖ್ಯ ಪದಗಳ ಮೊದಲ ಅಕ್ಷರ ಸೇರಿ ಆ ಹೆಸರಾಯಿತು. ಇಂಗ್ಲೆಂಡಿನ ಆಡುಮಾತಿನಲ್ಲಿ ಸ್ಕಾಫ್ ಅಂದರೆ ಗಬಗಬ ತಿನ್ನುವುದು. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು ಅನ್ನಿ.

ಸಮಯ ಇದ್ದರೆ ಈಟ್-26. ಡೇವಿಡ್ ಗಾರ್ನರ್ ಮತ್ತು ಜೊತೆಗಾರರು 1979ರಲ್ಲಿ 40 ಪ್ರಶ್ನೆಗಳಲ್ಲಿ ಶುರು ಮಾಡಿ 1982ರಲ್ಲಿ 26ಕ್ಕೆ ಇಳಿಸಿದರು. ಇದರ ಅಂಕ ಹಾಕುವಾಗ ಬಹಳ ಜನ ಎಡವುತ್ತಾರೆ. ಪ್ರತಿ ಪ್ರಶ್ನೆಗೆ ಆರು ಆಯ್ಕೆ. "ಯಾವಾಗಲೂ" ಅಂದರೆ 3, "ಸಾಮಾನ್ಯವಾಗಿ" 2, "ಆಗಾಗ" 1. ಉಳಿದ ಮೂರಕ್ಕೂ ಸೊನ್ನೆ. ಕೊನೆಯ, 26ನೇ ಪ್ರಶ್ನೆಗೆ ಮಾತ್ರ ಲೆಕ್ಕ ಉಲ್ಟಾ. ಒಟ್ಟು 78ರಲ್ಲಿ 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮುಂದಿನ ತಪಾಸಣೆ ಬೇಕು. ಅಂಕ ಕಡಿಮೆ ಇದ್ದರೂ, ಜೊತೆಗೆ ಕೇಳುವ ನಡವಳಿಕೆಯ ಪ್ರಶ್ನೆಗಳಲ್ಲಿ ವಾಂತಿ, ಭೇದಿ ಮಾತ್ರೆ, ಹಿಡಿತ ತಪ್ಪಿ ತಿನ್ನುವುದು ಇವು ಕಂಡರೆ ಆಗಲೂ ಕಳಿಸಬೇಕು. ಅದರ ಹಕ್ಕು ಬರೆದವರದ್ದು. ಬಳಸುವ ಮುಂಚೆ ಅನುಮತಿ ಕೇಳಿಕೊಳ್ಳಿ.

28 ಪ್ರಶ್ನೆಗಳ ಇಡಿಇ-ಕ್ಯು ಕಳೆದ 28 ದಿನಗಳ ಬಗ್ಗೆ ಕೇಳುತ್ತದೆ. ಅದು ಚಿಕಿತ್ಸೆ ಕೊಡುವವರಿಗೆ ಹೆಚ್ಚು ಉಪಯೋಗ. ಟೈಪ್ 1 ಸಕ್ಕರೆ ಕಾಯಿಲೆಯವರಿಗೆ ಡೆಪ್ಸ್-ಆರ್ ಅಂತ 16 ಪ್ರಶ್ನೆಗಳದ್ದು ಬೇರೆಯೇ ಇದೆ. ಆರ್ಫಿಡ್‌ಗೆ ಒಂಬತ್ತು ಪ್ರಶ್ನೆಗಳ ನಿಯಾಸ್. ನಮ್ಮಂಥವರಿಗೆ ದಿನದ ಕೆಲಸಕ್ಕೆ ಸ್ಕಾಫ್ ಸಾಕು, ಅದರ ತೂತು ಎಲ್ಲಿದೆ ಅಂತ ಗೊತ್ತಿದ್ದರೆ. ಅದನ್ನು ಕಟ್ಟಿದ್ದು ಅನೊರೆಕ್ಸಿಯಾ ಮತ್ತು ಬುಲಿಮಿಯಾಕ್ಕಾಗಿ. ಬಿಂಜ್ ಈಟಿಂಗ್ ಅದರಲ್ಲಿ ಜಾರಿಹೋಗಬಹುದು, ಆರ್ಫಿಡ್ ಅಂತೂ ಜಾರೇ ಜಾರುತ್ತದೆ. ಅದಕ್ಕೇ ನಾನು ಐದರ ಜೊತೆ ಎರಡು ಮಾತು ಸೇರಿಸಿ ಕೇಳುತ್ತೇನೆ: "ನಿಮ್ಮ ಊಟದ ರೀತಿ ನಿಮಗೆ ಸಮಾಧಾನ ತಂದಿದೆಯಾ?" "ಯಾರಿಗೂ ಕಾಣದ ಹಾಗೆ ತಿನ್ನುವುದುಂಟಾ?" ಇವು ಇಎಸ್‌ಪಿ ಅನ್ನುವ ಇನ್ನೊಂದು ಚಿಕ್ಕ ಪ್ರಶ್ನಾವಳಿಯ ಬಗೆಯವು. ಅಂಕಕ್ಕೆ ಸೇರಿಸುವುದಿಲ್ಲ. ಮಾತು ಶುರುವಾಗಲಿ ಅಂತ ಕೇಳುವುದು.

ಹಂತ 3: ಪ್ರಶ್ನೆಯನ್ನು ಕನ್ನಡದಲ್ಲಿ ಕೂರಿಸುವುದು

ನಿಜವಾದ ಕೆಲಸ ಇರುವುದು ಇಲ್ಲಿ. ಇಂಗ್ಲಿಷ್ ಹಾಳೆ ಮುಂದಿಟ್ಟುಕೊಂಡು ಪದಕ್ಕೆ ಪದ ಹಾಕುತ್ತಾ ಹೋದರೆ ಉತ್ತರ ಕೆಡುತ್ತದೆ. ನಾನು ಕೇಳುವ ಐದು ಪ್ರಶ್ನೆ ಹೀಗಿವೆ.

1. ಹೊಟ್ಟೆ ತುಂಬಿ ಕಸಿವಿಸಿ ಆಗುತ್ತದೆ ಅಂತ ನೀವಾಗಿಯೇ, ಬೇಕಂತಲೇ ವಾಂತಿ ಬರಿಸಿಕೊಳ್ಳುತ್ತೀರಾ?
2. ಎಷ್ಟು ತಿನ್ನಬೇಕು ಅನ್ನುವುದರ ಮೇಲೆ ಹಿಡಿತ ತಪ್ಪಿದೆ ಅನ್ನುವ ಚಿಂತೆ ಇದೆಯಾ?
3. ಈಚೆಗೆ, ಮೂರು ತಿಂಗಳ ಒಳಗೆ ಆರು ಕಿಲೋಗಿಂತ ಜಾಸ್ತಿ ತೂಕ ಇಳಿದಿದೆಯಾ?
4. ಬೇರೆಯವರು "ತುಂಬಾ ಸಣ್ಣ ಆಗಿದ್ದೀಯ" ಅಂದರೂ ನಿಮಗೆ ನೀವು ದಪ್ಪ ಅಂತಲೇ ಅನ್ನಿಸುತ್ತದೆಯಾ?
5. ಊಟ ತಿಂಡಿಯ ಯೋಚನೆಯೇ ನಿಮ್ಮ ದಿನವನ್ನೆಲ್ಲ ಆಳುತ್ತಿದೆ ಅನ್ನಿಸುತ್ತದೆಯಾ?

ಮೊದಲನೆಯದನ್ನು ನೋಡಿ. ಶುರುವಿನಲ್ಲಿ ನಾನು "ವಾಂತಿ ಮಾಡ್ಕೊಳ್ತೀಯಾ?" ಅಂತ ಕೇಳುತ್ತಿದ್ದೆ. ನಮ್ಮ ಮಾತಿನಲ್ಲಿ ಬಸ್ಸಿನಲ್ಲಿ ಮಗು "ವಾಂತಿ ಮಾಡ್ಕೊಂಡ್ತು" ಅನ್ನುತ್ತೇವೆ. ಅದು ತಾನಾಗಿ ಆದದ್ದು. ಹಾಗಾಗಿ ಗ್ಯಾಸ್ಟ್ರಿಕ್ ಇದ್ದವರು, ಮೈಗ್ರೇನ್ ಇದ್ದವರು ಎಲ್ಲ "ಹೌದು" ಅಂದರು. ನನಗೆ ಬೇಕಿದ್ದದ್ದು "ಬರಿಸಿಕೊಳ್ಳುವುದು". ಆ "ಬರಿಸು" ಅನ್ನುವ ಒಂದು ಪದ ಸೇರಿಸಿದ ಮೇಲೆ ಉತ್ತರ ನೆಟ್ಟಗಾಯಿತು. ಯೋಗ ಶಿಬಿರದಲ್ಲಿ ಕಲಿಸುವ ವಮನ ಕ್ರಿಯೆ, ಆಯುರ್ವೇದದ ವಮನ ಚಿಕಿತ್ಸೆ ಇವೂ ನಡುವೆ ಬರುತ್ತವೆ. "ಯಾರು ಹೇಳಿಕೊಟ್ಟರು, ಎಷ್ಟು ದಿನಕ್ಕೊಮ್ಮೆ, ಊಟ ಆದ ಮೇಲೋ ಬರಿ ಹೊಟ್ಟೆಯಲ್ಲೋ" ಅಂತ ಕೇಳಿದರೆ ಬೇರೆ ಬೇರೆ ಆಗುತ್ತದೆ.

ಮೂರನೆಯದರಲ್ಲಿ ಆರು ಕಿಲೋ ಎಲ್ಲಿಂದ ಬಂತು? ಮೂಲದಲ್ಲಿರುವುದು ಒಂದು ಸ್ಟೋನ್, ಅಂದರೆ 14 ಪೌಂಡ್, ಸುಮಾರು 6.35 ಕಿಲೋ. ಇಂಗ್ಲೆಂಡಿನಲ್ಲಿ ತೂಕ ಹೇಳುವುದೇ ಹಾಗೆ. ಎಪ್ಪತ್ತು ಕಿಲೋ ಇರುವವರಿಗೆ ಅದು ನೂರಕ್ಕೆ ಒಂಬತ್ತು. ನಮ್ಮ ಹಾಸ್ಟೆಲಿನ ನಲವತ್ತೈದು ಕಿಲೋ ಹುಡುಗಿಗೆ ಅದೇ ಆರು ಚಿಲ್ಲರೆ ಕಿಲೋ ನೂರಕ್ಕೆ ಹದಿನಾಲ್ಕು! ಅವಳು ನಾಲ್ಕು ಕಿಲೋ ಇಳಿದು "ಇಲ್ಲ ಮೇಡಂ, ಅಷ್ಟಿಲ್ಲ" ಅಂದರೆ ಹಾಳೆಯ ಪ್ರಕಾರ ಅದು ಇಲ್ಲ. ನನ್ನ ಲೆಕ್ಕದಲ್ಲಿ ಅಲ್ಲ. ಹಾಗಾಗಿ ಎಷ್ಟಿತ್ತು, ಈಗ ಎಷ್ಟಿದೆ ಅಂತ ಎರಡೂ ಬರೆದುಕೊಳ್ಳಿ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ತೂಕ ಇಳಿಯಬೇಕಂತಲೇ ಇಲ್ಲ. ಏರಬೇಕಾದ ವಯಸ್ಸಿನಲ್ಲಿ ನಿಂತರೂ ಅದು ಇಳಿದಂತೆಯೇ.

ನಾಲ್ಕನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ "ಇಲ್ಲ" ಬಂದರೆ ನಿರಾಳ ಆಗಬೇಡಿ. 1995ರಲ್ಲಿ ದೆಹಲಿಯ ವೈದ್ಯರು ಐದು ಯುವತಿಯರ ಬಗ್ಗೆ ಬರೆದಿದ್ದರು. ಊಟ ಬಿಟ್ಟಿದ್ದರು, ವಾಂತಿ ಇತ್ತು, ತೂಕ ತೀರಾ ಇಳಿದಿತ್ತು, ಮುಟ್ಟು ನಿಂತಿತ್ತು. ಆದರೆ ತಮ್ಮ ಮೈ ಬಗ್ಗೆ "ನಾನು ದಪ್ಪ" ಅನ್ನುವಂಥ ತಪ್ಪು ಕಲ್ಪನೆ ಅವರಲ್ಲಿ ಕಾಣಲಿಲ್ಲ. ನಮ್ಮ ಹುಡುಗಿಯರು ಹೇಳುವುದು ಬೇರೆ: "ಹೊಟ್ಟೆ ಉಬ್ಬರ", "ಸೇರೋದೇ ಇಲ್ಲ", "ತಿಂದರೆ ಎದೆ ಹಿಡಿದ ಹಾಗಾಗುತ್ತೆ". ದಪ್ಪದ ಮಾತೇ ಬರುವುದಿಲ್ಲ. ಅಂಥವರು ಮೊದಲು ಹೊಟ್ಟೆ ಡಾಕ್ಟರ ಹತ್ತಿರ ಹೋಗಿ, ಎಂಡೋಸ್ಕೋಪಿ ಮಾಡಿಸಿಕೊಂಡು, ಗ್ಯಾಸಿನ ಮಾತ್ರೆ ನುಂಗಿ, ಎಷ್ಟೋ ತಿಂಗಳ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಇನ್ನು ಉಪವಾಸ. 1989ರಲ್ಲಿ ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಈಟ್-26 ಅನ್ನು ಹಿಂದಿಗೆ ತಂದು ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಕೊಟ್ಟರು. ನೂರರಲ್ಲಿ 29 ಮಂದಿ ಗೆರೆ ದಾಟಿದರು. ಅಷ್ಟು ಜನಕ್ಕೆ ಕಾಯಿಲೆ ಇರಲಿಲ್ಲ. ಕೆಲವು ಪ್ರಶ್ನೆಗಳನ್ನು ಹುಡುಗಿಯರು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡಿದ್ದರು. ಸೋಮವಾರ ಒಪ್ಪತ್ತು, ಸಂಕಷ್ಟಿ, ಏಕಾದಶಿ, ರಂಜಾನ್ ರೋಜಾ, ಜೈನರ ಪರ್ಯೂಷಣ ಎಲ್ಲ ಇರುವ ನಾಡಿನಲ್ಲಿ "ಊಟದ ಮುಂದೆ ಸಂಯಮ ತೋರಿಸುತ್ತೀಯಾ" ಅಂತ ಕೇಳಿದರೆ ಒಳ್ಳೆಯ ಮಕ್ಕಳು ಹೌದು ಅಂತಲೇ ಹೇಳುತ್ತಾರೆ ಅಲ್ವಾ?

ವ್ರತವೋ ಕಾಯಿಲೆಯೋ ತಿಳಿಯಲು ನಾನು ನೋಡುವುದು ಉಪವಾಸವನ್ನಲ್ಲ, ಪಾರಣೆಯನ್ನು. ಏಕಾದಶಿ ಮಾಡುವ ಅಜ್ಜಿ ದ್ವಾದಶಿ ಬೆಳಗ್ಗೆ ಗಡಿಯಾರ ನೋಡುತ್ತಾ ಕೂರುತ್ತಾರೆ. ಅಗಸೆ ಸೊಪ್ಪಿನ ಪಲ್ಯ, ಅನ್ನ, ಸಾರು ಎಲ್ಲ ತಟ್ಟೆಗೆ ಬಂದಾಗ ಅವರ ಮುಖ ಅರಳುತ್ತದೆ. ಕಾಯಿಲೆ ಇರುವ ಹುಡುಗಿಗೆ ಪಾರಣೆಯೇ ಸಂಕಟ. ಇನ್ನೊಂದು ದಿನ ಮುಂದೂಡುತ್ತಾಳೆ, ಪ್ರಸಾದವನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾಳೆ, ಮನೆಯಲ್ಲಿ ಯಾರೂ ಮಾಡದ ವ್ರತವನ್ನು ಹೊಸದಾಗಿ ಹಿಡಿಯುತ್ತಾಳೆ. "ಈ ಉಪವಾಸ ನಿಮ್ಮ ಮನೆಯಲ್ಲಿ ಬೇರೆ ಯಾರು ಮಾಡ್ತಾರೆ? ಮಾರನೇ ದಿನ ಏನು ತಿಂದೆ?" ಇವೆರಡು ಕೇಳಿ. ದೇವರ ಮಾತಿಗೆ ಕೈ ಹಾಕಬೇಡಿ, ಅವಳು ಮುಚ್ಚಿಕೊಂಡುಬಿಡುತ್ತಾಳೆ.

ಹಂತ 4: ಕೂತು ಕೇಳುವುದು

ಬಾಗಿಲು ಮುಚ್ಚುವ ಕೋಣೆ ಬೇಕು. ಅಮ್ಮ ಜೊತೆಗೆ ಬಂದಿದ್ದರೆ "ಐದು ನಿಮಿಷ ಹೊರಗೆ ಕೂತಿರಿ ಅಮ್ಮ, ಆಮೇಲೆ ನಿಮ್ಮ ಹತ್ತಿರವೂ ಮಾತಾಡುತ್ತೇನೆ" ಅನ್ನಿ. ಅಮ್ಮನ ಎದುರು ಮೊದಲ ಪ್ರಶ್ನೆಗೆ ಹೌದು ಅಂದ ಮಗುವನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಹದಿನೆಂಟರ ಒಳಗಿನವರಾದರೆ ಯಾಕೆ ಕೇಳುತ್ತಿದ್ದೇವೆ ಅಂತ ಪೋಷಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಯಾವುದು ಗುಟ್ಟಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅಂತ ಶುರುವಿನಲ್ಲೇ ಹೇಳಿ. ನಾನು ಹೇಳುವುದು ಹೀಗೆ: "ನೀನು ಹೇಳಿದ್ದನ್ನು ನಿನ್ನ ಕ್ಲಾಸಿನವರಿಗಾಗಲಿ ಲೆಕ್ಚರರ್‌ಗಾಗಲಿ ಹೇಳೋದಿಲ್ಲಮ್ಮ. ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಸುಮ್ಮನಿರೋಕೆ ಆಗಲ್ಲ. ಆಗ ಏನು ಮಾಡ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ."

ತಾವೇ ತುಂಬಲಿ ಅಂತ ಹಾಳೆ ಕೊಡಬಹುದು, ಓದಿಯೂ ಕೇಳಬಹುದು. ನಾಚಿಕೆಯ ವಿಷಯ ಪೆನ್ನಿಗೆ ಬೇಗ ಬರುತ್ತದೆ. ನಾನು ಹಾಳೆ ಕೊಟ್ಟು, ಕಿಟಕಿಯ ಕಡೆ ತಿರುಗಿ ಟೀ ಲೋಟ ತೊಳೆಯುತ್ತೇನೆ. ಯಾವ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು ಅನ್ನುವುದು ಸದ್ದಿನಲ್ಲೇ ತಿಳಿಯುತ್ತದೆ. ಒಬ್ಬ ಹುಡುಗ ಎರಡನೇ ಪ್ರಶ್ನೆಗೆ "ಇಲ್ಲ" ಬರೆದು, ಹೊಡೆದು, "ಹೌದು" ಬರೆದು, ಮತ್ತೆ ಹೊಡೆದಿದ್ದ. ಅಂಕದ ಲೆಕ್ಕದಲ್ಲಿ ಅದು ಸೊನ್ನೆ. ಅವನ ಜೊತೆ ಒಂದು ಗಂಟೆ ಮಾತಾಡಿದೆ.

ಕೇಳುವಾಗ "ಇಂಥದ್ದೆಲ್ಲ ಮಾಡಲ್ಲ ತಾನೇ?" ಅನ್ನುವ ಧಾಟಿ ಬೇಡ. "ಸಣ್ಣ ಆಗಿ ಚೆನ್ನಾಗಿ ಕಾಣ್ತಿದ್ದೀಯ" ಅನ್ನುವುದೂ ಬೇಡ, "ಕಡ್ಡಿ ಥರ ಆಗಿದ್ದೀಯಲ್ಲೇ" ಅನ್ನುವುದೂ ಬೇಡ. ತೂಕ ನೋಡಬೇಕಾದರೆ ಬೇರೆಯವರ ಮುಂದೆ ಬೇಡ. ಅಂಕಿಯನ್ನು ಜೋರಾಗಿ ಕೂಗಿ ಹೇಳುವ ಅಭ್ಯಾಸ ನಮ್ಮ ಹೆಲ್ತ್ ಕ್ಯಾಂಪುಗಳಲ್ಲಿದೆ. ದಯವಿಟ್ಟು ನಿಲ್ಲಿಸಿ.

ಹಂತ 5: ಅಂಕ ಅಂದರೆ ಏನು?

ಸ್ಕಾಫ್‌ನಲ್ಲಿ ಒಂದು ಹೌದಿಗೆ ಒಂದು ಅಂಕ. ಎರಡು ಅಥವಾ ಜಾಸ್ತಿ ಬಂದರೆ ಪಾಸಿಟಿವ್. ಈಗ ಅದನ್ನು ಎಷ್ಟು ನಂಬಬೇಕು?

1999ರ ಮೊದಲ ಅಧ್ಯಯನದಲ್ಲಿ ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದ 116 ಮಹಿಳೆಯರಿದ್ದರು, ಕಾಯಿಲೆ ಇಲ್ಲದ 96 ಮಂದಿ ಇದ್ದರು. ಸ್ಕಾಫ್ 116ರಲ್ಲಿ ಒಬ್ಬರನ್ನೂ ಬಿಡಲಿಲ್ಲ. ಆದರೆ ಅದು ಹಾಕಿಟ್ಟ ಆಟ. ನಿಜವಾದ ಪರೀಕ್ಷೆ ನಡೆದದ್ದು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ. ದಕ್ಷಿಣ ಲಂಡನ್ನಿನ ಸಾಮಾನ್ಯ ಕ್ಲಿನಿಕ್ಕುಗಳಿಗೆ ಬೇರೆ ಬೇರೆ ಕಾರಣಕ್ಕೆ ಬಂದ 341 ಮಹಿಳೆಯರನ್ನು ಕೇಳಿದರು. ಆಮೇಲೆ ಪೂರ್ತಿ ಸಂದರ್ಶನ ಮಾಡಿ ನೋಡಿದಾಗ ಕಾಯಿಲೆ ಇದ್ದದ್ದು 13 ಮಂದಿಗೆ. ಅವರಲ್ಲಿ 11 ಮಂದಿಯನ್ನು ಸ್ಕಾಫ್ ಹಿಡಿದಿತ್ತು, ಇಬ್ಬರು ಜಾರಿದ್ದರು. ಕಾಯಿಲೆ ಇಲ್ಲದ 34 ಮಂದಿಗೂ ಪಾಸಿಟಿವ್ ಬಂದಿತ್ತು.

ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಪಾಸಿಟಿವ್ ಬಂದವರು ಒಟ್ಟು 45. ನಿಜವಾಗಿ ಕಾಯಿಲೆ ಇದ್ದವರು 11. ನಾಲ್ಕರಲ್ಲಿ ಒಬ್ಬರು. ಉಳಿದ ಮೂವರ ಹತ್ತಿರ "ನಿನಗೆ ಅನೊರೆಕ್ಸಿಯಾ" ಅಂದುಬಿಟ್ಟರೆ ಏನಾಗುತ್ತದೆ ಯೋಚಿಸಿ. ಅದೇ ಇನ್ನೊಂದು ಕಡೆಯಿಂದ ನೋಡಿದರೆ, ನೆಗೆಟಿವ್ ಬಂದ 296 ಮಂದಿಯಲ್ಲಿ ತಪ್ಪಿಹೋದವರು ಇಬ್ಬರೇ. ಅಂದರೆ ಇದರ "ಇಲ್ಲ" ಬಲವಾದದ್ದು, "ಹೌದು" ಮೆತ್ತನೆಯದು. ಆ ಅಧ್ಯಯನವೂ ಲಂಡನ್ನಿನ ಮಹಿಳೆಯರದ್ದು. ನಮ್ಮ ಹುಡುಗ ಹುಡುಗಿಯರ ಮೇಲೆ ಅದೇ ಅಂಕಿ ಹಾಗ್‌ಹಾಗೇ ಹೊಂದುತ್ತದೆ ಅಂತ ಹಿಡಿಯಬೇಡಿ.

ಹಾಗಾಗಿ ಪಾಸಿಟಿವ್ ಬಂದಾಗ ನಾನು ಹೇಳುವ ಮಾತು ಇಷ್ಟೇ: "ಈ ಹಾಳೆ ನಿನಗೆ ಏನೋ ಕಾಯಿಲೆ ಇದೆ ಅಂತ ಹೇಳ್ತಿಲ್ಲ. ಇನ್ನೂ ಸ್ವಲ್ಪ ಮಾತಾಡೋಣ ಅಂತ ಹೇಳ್ತಿದೆ."

ಹಂತ 6: ಹೌದು ಅಂದ ಮೇಲೆ

ಹೌದು ಅಂದ ಪ್ರತಿಯೊಂದಕ್ಕೂ ಹಿಂದೆ ಹೋಗಿ. ಯಾವಾಗಿಂದ? ವಾರಕ್ಕೆ ಎಷ್ಟು ಸಲ? ಕೊನೆಯ ಸಲ ಯಾವಾಗ? "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೆ ಏನೇನು ತಿಂದೆ ಹೇಳು" ಅನ್ನುವುದು ಬಹಳ ಒಳ್ಳೆಯ ಪ್ರಶ್ನೆ. "ಊಟ ಮಾಡ್ದೆ" ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ. ಎರಡು ಇಡ್ಲಿಯೋ, ಅರ್ಧ ಇಡ್ಲಿಯೋ, ಇಡ್ಲಿ ಬಿಟ್ಟು ಬರೀ ಸಾಂಬಾರೋ, ಎಲ್ಲ ಹೊರಬರುತ್ತದೆ. ಭೇದಿ ಮಾತ್ರೆ, ತೂಕ ಇಳಿಸುವ ಪುಡಿ, ಕಷಾಯ, ಮುಟ್ಟು, ವ್ಯಾಯಾಮ ಇವುಗಳನ್ನೂ ಕೇಳಿ. ಸಾಯಬೇಕು ಅನ್ನಿಸುತ್ತದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ಸುಳ್ಳು. ಈ ಕಾಯಿಲೆಗಳಲ್ಲಿ, ಅದರಲ್ಲೂ ಅನೊರೆಕ್ಸಿಯಾದಲ್ಲಿ, ಆತ್ಮಹತ್ಯೆಯ ಅಪಾಯ ನಿಜವಾಗಿಯೂ ಜಾಸ್ತಿ.

ಆಮೇಲೆ ನಾಡಿ ಹಿಡಿಯಿರಿ. ಡಾಕ್ಟರೇ ಆಗಬೇಕಿಲ್ಲ, ಗಡಿಯಾರ ಸಾಕು. ಮೈ ಉಪವಾಸ ಬಿದ್ದಾಗ ಖರ್ಚು ಉಳಿಸಲು ಹೃದಯವೂ ನಿಧಾನ ಆಗುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ 50ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. 40ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ. "ಅವಳು ಓಟಗಾರ್ತಿ, ನಾಡಿ ನಿಧಾನವೇ ಇರುತ್ತೆ" ಅನ್ನುವ ಸಮಾಧಾನವನ್ನು ನಾನೂ ಒಮ್ಮೆ ನಂಬಿದ್ದೆ. ಇಸಿಜಿ ತೆಗೆಯದೆ ನಂಬಬಾರದು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲಲು ಹೇಳಿ. ಆಗದಿದ್ದರೆ ಸ್ನಾಯು ಸೋತಿದೆ ಅಂತ ಅರ್ಥ. ಎದ್ದ ಕೂಡಲೇ ಕಣ್ಣು ಕತ್ತಲೆ, ಎದೆ ನೋವು, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ, ನೀರೂ ಸೇರದಿರುವುದು, ವಾರಕ್ಕೊಂದು ಕಿಲೋದಂತೆ ಇಳಿಯುತ್ತಿರುವ ತೂಕ, ಟೈಪ್ 1 ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಡುವುದು, ಇವು ಯಾವುದಿದ್ದರೂ ಅಂಕ ಎಷ್ಟು ಅಂತ ನೋಡುತ್ತಾ ಕೂರಬೇಡಿ.

ಬೇರೆ ಕಾಯಿಲೆಯನ್ನೂ ಮರೆಯಬಾರದು. ನಮ್ಮಲ್ಲಿ ತೂಕ ಇಳಿದರೆ ಟಿಬಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವನ್ನು ಪರೀಕ್ಷೆ ಮಾಡಿಸಲೇಬೇಕು. ಆದರೆ ರಕ್ತದ ರಿಪೋರ್ಟ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಈಟಿಂಗ್ ಡಿಸಾರ್ಡರ್ ಇಲ್ಲ ಅಂತ ಅಲ್ಲ.

ಹಂತ 7: ಮನೆಯವರಿಗೆ ಹೇಳುವುದು, ಕಳಿಸುವುದು

ಅಪ್ಪ ಅಮ್ಮ ಮೊದಲು ಹೇಳುವುದು "ಹಟ". ಎರಡನೆಯದು "ಮೊಬೈಲು". ನಾನು ಅವರಿಗೆ ಮಿನೆಸೋಟದ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿ ಒಪ್ಪಿ ಬಂದವರು. ಕೆಲವೇ ವಾರಗಳಲ್ಲಿ ಅವರಿಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲದಾಯಿತು. ಅಡುಗೆ ಪುಸ್ತಕ ಓದುತ್ತಾ ಕೂತರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕಳೆದರು, ಸಿಡುಕಿದರು, ಮಂಕಾದರು. ಐದನೇ ಪ್ರಶ್ನೆಗೆ ಬಂದ "ಹೌದು" ಎಷ್ಟೋ ಸಲ ಹಸಿವಿನದ್ದೇ ಮಾತು. ಮಗಳ ಸ್ವಭಾವ ಕೆಟ್ಟಿದ್ದಲ್ಲ. ಈ ಕಥೆ ಕೇಳಿದ ಮೇಲೆ ಅಪ್ಪಂದಿರ ದನಿ ತಗ್ಗುವುದನ್ನು ನೋಡಿದ್ದೇನೆ.

ಎರಡನೇ ಮಾತು ಇನ್ನೂ ಮುಖ್ಯ. "ಇವತ್ತಿನಿಂದಲೇ ತುಪ್ಪ, ಬಾದಾಮಿ, ಮೂರು ಹೊತ್ತು ಬಲವಂತವಾಗಿ ತಿನ್ನಿಸ್ತೀನಿ" ಅನ್ನುವ ಅಮ್ಮನನ್ನು ತಡೆಯಬೇಕು. ತೀರಾ ಸೊರಗಿದವರಿಗೆ ಒಮ್ಮೆಲೇ ಊಟ ಏರಿಸಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಊಟ ಎಷ್ಟರಿಂದ ಶುರು, ಹೇಗೆ ಏರಿಸಬೇಕು ಅಂತ ಡಾಕ್ಟರು ರಕ್ತ ಪರೀಕ್ಷೆ ನೋಡುತ್ತಾ ಹೇಳಬೇಕು.

ಎಲ್ಲಿಗೆ ಕಳಿಸುವುದು? ಮೊದಲು ಒಬ್ಬ ಫಿಸಿಷಿಯನ್ ಅಥವಾ ಮಕ್ಕಳ ಡಾಕ್ಟರು, ಜೊತೆಜೊತೆಗೆ ಮನೋವೈದ್ಯರು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ. ಹಲವು ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ನಡೆಯುತ್ತದೆ. ನಿಮ್ಮಲ್ಲಿ ಯಾವತ್ತು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಕ್ಷಣ ಯಾರ ಜೊತೆಯಾದರೂ ಕನ್ನಡದಲ್ಲಿ ಮಾತಾಡಬೇಕು ಅಂದರೆ ಟೆಲಿ ಮನಸ್, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ.

ಕಳಿಸುವ ಚೀಟಿಯಲ್ಲಿ "ಸ್ಕಾಫ್ 3, ದಯವಿಟ್ಟು ನೋಡಿ" ಅಂತ ಮಾತ್ರ ಬರೆಯಬೇಡಿ. ಯಾವ ಮೂರಕ್ಕೆ ಹೌದು ಅಂದಳು, ಮೂರು ತಿಂಗಳ ಹಿಂದಿನ ತೂಕ, ಇವತ್ತಿನ ತೂಕ, ನಾಡಿ, ಕೊನೆಯ ಮುಟ್ಟಿನ ದಿನ, ಅವಳೇ ಹೇಳಿದ ಒಂದು ಮಾತು. ಇಷ್ಟಿದ್ದರೆ ಸಾಲಿನಲ್ಲಿ ನೂರು ಜನ ಇರುವ ಓಪಿಡಿಯಲ್ಲೂ ಡಾಕ್ಟರು ತಲೆ ಎತ್ತಿ ನೋಡುತ್ತಾರೆ.

ಹಂತ 8: ಅಂಕ ಸೊನ್ನೆ, ಅನುಮಾನ ಹೋಗಿಲ್ಲ

ಹೀಗೂ ಆಗುತ್ತದೆ. ಐದಕ್ಕೂ "ಇಲ್ಲ" ಬರೆದು ನಗುತ್ತಾ ಹಾಳೆ ವಾಪಸ್ ಕೊಡುತ್ತಾರೆ. ಈ ಕಾಯಿಲೆಯಲ್ಲಿ ಮುಚ್ಚಿಡುವುದು ಸುಳ್ಳುಬುರುಕತನ ಅಲ್ಲ, ಕಾಯಿಲೆಯದ್ದೇ ಒಂದು ಭಾಗ. ಕೆಲವರಿಗೆ ತಮಗೆ ತೊಂದರೆ ಇದೆ ಅಂತ ನಿಜವಾಗಿಯೂ ಅನ್ನಿಸಿರುವುದಿಲ್ಲ. ನಿಮ್ಮ ಕಣ್ಣು ಒಂದು ಹೇಳಿ ಹಾಳೆ ಇನ್ನೊಂದು ಹೇಳಿದರೆ ಕಣ್ಣಿನ ಮಾತು ಕೇಳಿ. ನಾಡಿ ನೋಡಿ, ತೂಕ ಬರೆದಿಡಿ, ರೂಮ್‌ಮೇಟ್ ತಾನಾಗಿ ಬಂದು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. ಎರಡು ವಾರಕ್ಕೆ ಮತ್ತೆ ಕರೆಯಿರಿ, ಬೇರೆ ನೆಪ ಹೇಳಿಯಾದರೂ ಸರಿ.

ಕಳಿಸಿದವರ ಬೆನ್ನು ಬಿಡಬೇಡಿ. ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಹೆಸರಿಲ್ಲ, ಬರೀ ನಂಬರು. ಒಂದು ಕಾಲಮ್ಮಿನಲ್ಲಿ ಅಂಕ, ಪಕ್ಕದಲ್ಲಿ "ಡಾಕ್ಟರ ಹತ್ತಿರ ಹೋದಳಾ?", ಅದರ ಪಕ್ಕ "ಎರಡನೇ ಸಲ ಹೋದಳಾ?" ಮೊದಲ ಸಲ ಎಲ್ಲರೂ ಹೋಗುತ್ತಾರೆ. ಖಾಲಿ ಉಳಿಯುವುದು ಮೂರನೇ ಕಾಲಮ್ಮು. ಶುಕ್ರವಾರ ಮಧ್ಯಾಹ್ನ ಆ ಖಾಲಿ ಜಾಗ ನೋಡಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. "ಊಟ ಆಯ್ತಾ?" ಅಂತ ಶುರು ಮಾಡುವುದಿಲ್ಲ. "ಡಾಕ್ಟರು ಮುಂದಿನ ಸಲ ಯಾವತ್ತು ಬರೋಕೆ ಹೇಳಿದ್ದಾರೆ?" ಅಂತ ಕೇಳುತ್ತೇನೆ.